ರಸೀದಿ ಇಲ್ಲದ ನೋವು

ಮನುಷ್ಯನು ತನಗೆ ಕಾಯಿಲೆಯಿಲ್ಲವೆಂದು ತಿಳಿದು ದುಃಖಪಡುವುದುಂಟೆ? ಉಂಟು, ಅದಕ್ಕೆ ನಾನೇ ಸಾಕ್ಷಿ. ಮೂರು ವರ್ಷಗಳ ಹಿಂದೆ ಒಂದು ಸಂಜೆ, ಮೈಸೂರಿನ ಒಂದು ಸ್ಕ್ಯಾನಿಂಗ್ ಕೇಂದ್ರದ ಮೆಟ್ಟಿಲ ಮೇಲೆ ನಿಂತು, ನನ್ನ ತಲೆಯ ಎಂ.ಆರ್.ಐ. ವರದಿಯ ಲಕೋಟೆಯನ್ನು ಒಡೆದೆ. ಅರ್ಧ ಪುಟದ ವರದಿ. ಅದು ಸರಿಯಾಗಿದೆ, ಇದು ಸರಿಯಾಗಿದೆ ಎಂದು ಒಂದೊಂದೇ ಭಾಗವನ್ನು ಹೆಸರಿಸಿ ಹೇಳಿ, ಕೊನೆಗೆ ದೋಷವೇನೂ ಕಾಣಲಿಲ್ಲವೆಂದು ಮುಗಿಸಿತ್ತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಚಾಮುಂಡಿಬೆಟ್ಟದ ಕಡೆ ತಿರುಗಿ ಕೈಮುಗಿದಳು. ನಾನೂ ಮುಗಿದೆ. ಕೈ ಮುಗಿಯುತ್ತಿದ್ದಾಗಲೇ ಮನಸ್ಸು ಬೇರೊಂದು ಮಾತಾಡುತ್ತಿತ್ತು: ಒಂದು ಸಣ್ಣ ಗಂಟಾದರೂ ಕಾಣಬಾರದಾಗಿತ್ತೆ!

ಹೀಗೆ ಬಯಸುವುದು ಪಾಪವೆಂದು ನನಗೆ ಗೊತ್ತು. ಅದೇ ಕಟ್ಟಡದೊಳಗೆ, ನಿಜವಾಗಿ ಗಂಟು ಕಂಡು ಕಂಗಾಲಾಗಿ ಬೆಂಚಿನ ಮೇಲೆ ಕುಳಿತವರು ಇದ್ದಿರಬೇಕು. ನನ್ನ ವರದಿಯನ್ನು ಅವರ ಕೈಗೆ ಕೊಟ್ಟಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆದರೂ ಬಯಸಿದ್ದು ನಿಜ. ಏಕೆ ಬಯಸಿದೆ ಎಂದು ಆಮೇಲೆ ಬಹಳ ದಿನ ಯೋಚಿಸಿದ್ದೇನೆ.

ನನ್ನ ಉದ್ಯೋಗದ ಮಾತನ್ನು ಮೊದಲೇ ಹೇಳಿಬಿಡುವುದು ಮೇಲು. ನಾನು ಮೂವತ್ತಮೂರು ವರ್ಷ ಸರಕಾರದ ಲೆಕ್ಕಪತ್ರ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಕೆಲಸಕ್ಕೆ ಸೇರಿದ ಮೊದಲನೆಯ ವಾರದಲ್ಲಿಯೇ ನಮ್ಮ ಮೇಲಧಿಕಾರಿಗಳು ಒಂದು ಮಂತ್ರವನ್ನು ಉಪದೇಶಿಸಿದರು: ರಸೀದಿ ಇಲ್ಲದ ಖರ್ಚು ಖರ್ಚಲ್ಲ. ಎದುರಿಗೆ ನಿಂತವನು ಎಷ್ಟೇ ಸಜ್ಜನನಾಗಿರಲಿ, ಕಣ್ಣೀರೇ ಹಾಕಲಿ, ಕಾಗದ ತೋರಿಸದಿದ್ದರೆ ಆಕ್ಷೇಪಣೆ ಬರೆಯಬೇಕು. ಬರೆದಿದ್ದೇನೆ. ಸುಳ್ಳು ವೈದ್ಯಕೀಯ ಬಿಲ್ಲುಗಳನ್ನು ಹಿಡಿದ ಕೀರ್ತಿಯೂ ನನಗೆ ಇಲಾಖೆಯಲ್ಲಿತ್ತು. ಇಂಥವನಿಗೆ ರಸೀದಿ ಇಲ್ಲದ ನೋವು ಬಂದರೆ ಏನಾಗಬೇಡ!

ನೋವು ಬಂದ ಬಗೆ ಹೀಗೆ. ಒಂದು ಭಾನುವಾರ ಅಟ್ಟದ ಮೇಲಿದ್ದ ಹಳೆಯ ಟ್ರಂಕನ್ನು ಇಳಿಸಿದೆ. ಮರುದಿನ ಕಚೇರಿಯಲ್ಲಿ ಕುಳಿತಿದ್ದಾಗ ಹಿಂದಲೆಯಿಂದ ಏನೋ ಕೆಳಕ್ಕೆ ಜಗ್ಗಿದ ಹಾಗಾಯಿತು. ಸಂಜೆಯ ಹೊತ್ತಿಗೆ ತಲೆಯೊಳಗೆ ಒರಳುಕಲ್ಲು ಕೂತಿತ್ತು. ಬರುಬರುತ್ತ ಅದಕ್ಕೆ ಪರಿವಾರವೂ ಸೇರಿತು: ಕಿವಿಯೊಳಗೆ ನೀರು ಹೊಕ್ಕ ಹಾಗೆ ಮಂದ, ಒಳಗೆ ಜೀರುಂಡೆಯ ಸದ್ದು, ಬೆರಳ ತುದಿಯಲ್ಲಿ ಜುಮುಜುಮು, ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಎರಡಾಗಿ ಕಾಣುವುದು. ಒಂದು ದಿನ ನನ್ನ ಜವಾನನ ಹೆಸರೇ ಮರೆತುಹೋಗಿ, ಹದಿನೈದು ವರ್ಷದಿಂದ ಕಂಡವನನ್ನು ‘ಇವರೇ’ ಎಂದು ಕರೆದೆ.

ವೈದ್ಯರ ಯಾತ್ರೆ ಆರಂಭವಾಯಿತು. ಕಣ್ಣಿನ ಡಾಕ್ಟರು ಕನ್ನಡಕ ಬದಲಾಯಿಸಿದರು. ಕಿವಿ ಮೂಗಿನವರು ಸೈನಸ್ ಎಂದರು. ಮೂಳೆಯವರು ಕತ್ತಿನ ಮಣಿಗಳು ಸವೆದಿವೆಯೆಂದು ಪಟ್ಟಿ ಕಟ್ಟಿದರು (ಐವತ್ತೆಂಟು ವರ್ಷದವನ ಕತ್ತಿನ ಮಣಿಗಳು ಸವೆಯದೆ ಇನ್ನೇನು ಮಾಡಿಯಾವು?). ಎದುರುಮನೆಯವರು ಪಿತ್ತವೆಂದು ತೀರ್ಮಾನಿಸಿ ಜೀರಿಗೆ ಕಷಾಯ ಕಳಿಸಿದರು. ನನ್ನ ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲವಾದ್ದರಿಂದ ದೃಷ್ಟಿಯೇ ಎಂದು ಖಚಿತವಾಯಿತು. ಇಷ್ಟು ಹೆಸರುಗಳಲ್ಲಿ ಒಂದಕ್ಕಾದರೂ ನನ್ನ ನೋವು ‘ಓ’ ಎನ್ನಲಿಲ್ಲ. ಕೊನೆಗೆ ಹೋದ ದೊಡ್ಡ ಡಾಕ್ಟರು ವರದಿಯನ್ನು ನೋಡಿ, ಅದನ್ನು ಮಡಿಸಿ, ಬಹಳ ಮೃದುವಾಗಿ ಕೇಳಿದರು: “ನಿವೃತ್ತಿ ಹತ್ತಿರ ಬಂತಲ್ಲವೆ?”

ಆ ಮೃದುತ್ವ ನನ್ನನ್ನು ಚುಚ್ಚಿತು. ಅದು ನಾನೇ ಸುಳ್ಳು ಬಿಲ್ಲಿನವರೊಡನೆ ಬಳಸುತ್ತಿದ್ದ ಧ್ವನಿ.

ಮನಸ್ಸಿನಿಂದ ಬಂದ ನೋವು ನೋವಲ್ಲವೆ, ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೈಕಾಲು ಸೋತು ನರದಲ್ಲಿ ಯಾವ ಗಾಯವೂ ಕಾಣದ ರೋಗಿಗಳನ್ನು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ಮಹಾವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಂಭೀರವಾಗಿ ಪರೀಕ್ಷಿಸಿದ. ಆಮೇಲೆ 1908ರಲ್ಲಿ ಹೂವರ್ ಎಂಬುವನು ಒಂದು ಪರೀಕ್ಷೆಯನ್ನು ಹೇಳಿಕೊಟ್ಟ: ಸೋತ ಕಾಲನ್ನು ಒತ್ತೆಂದರೆ ಒತ್ತಲಾರದವನು, ಇನ್ನೊಂದು ಕಾಲನ್ನು ಎತ್ತುವಾಗ ಸೋತ ಕಾಲನ್ನು ತಾನೇ ಅರಿಯದೆ ಒತ್ತುತ್ತಾನೆ. ಇದನ್ನು ಬಹುಕಾಲ ಕಳ್ಳನನ್ನು ಹಿಡಿಯುವ ಬಲೆಯಂತೆ ಬಳಸಿದವರುಂಟು. ಈಗಿನ ಒಳ್ಳೆಯ ನರವೈದ್ಯರು ಅದೇ ಪರೀಕ್ಷೆಯನ್ನು ರೋಗಿಗೇ ತೋರಿಸುತ್ತಾರಂತೆ: ‘ನೋಡಿ, ನಿಮ್ಮ ನರ ಕೆಟ್ಟಿಲ್ಲ, ದಾರಿ ತಪ್ಪಿದೆ, ಮತ್ತೆ ಕಲಿಸಬಹುದು.’ ಪರೀಕ್ಷೆ ಒಂದೇ. ಕೋಣೆಯೊಳಗಿನ ಇಬ್ಬರ ಸಂಬಂಧ ಮಾತ್ರ ಬೇರೆ. ನನಗೆ ಅಂಥ ಮಾತನ್ನು ಯಾರಾದರೂ ಹೇಳಿದ್ದರೆ ಸಂತೋಷದಿಂದ ಒಪ್ಪುತ್ತಿದ್ದೆ. ನನಗೆ ಸಿಕ್ಕಿದ್ದು ಮನಸ್ಸಿನ ಕಾಯಿಲೆಯೆಂಬ ತೀರ್ಪಲ್ಲ. ಕಾಯಿಲೆಯೇ ಇಲ್ಲವೆಂಬ ಸೌಜನ್ಯ.

ಇಲ್ಲಿ ನಮ್ಮ ಹಳೆಯ ತಾರ್ಕಿಕರು ನೆನಪಾಗುತ್ತಾರೆ. ನ್ಯಾಯದರ್ಶನದವರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ಯಾರು? ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ (ಇವನು ನ್ಯಾಯಭಾಷ್ಯದ ವಾತ್ಸ್ಯಾಯನ, ಇನ್ನೊಬ್ಬನಲ್ಲ) ಎರಡು ಲಕ್ಷಣ ಕೊಡುತ್ತಾನೆ. ಅವನು ವಿಷಯವನ್ನು ತಾನೇ ನೇರವಾಗಿ ಅರಿತಿರಬೇಕು. ಅರಿತಂತೆಯೇ ಹೇಳುವ ಇಚ್ಛೆಯುಳ್ಳವನಾಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಬೇರೆ ಸೇರಿಸುತ್ತಾನೆ. ಎಷ್ಟು ಉದಾರವಾದ ಮಾತು! ಹಾಗೆ ನೋಡಿದರೆ, ನೋವಿನ ವಿಷಯದಲ್ಲಿ ನೋಯುವವನಿಗಿಂತ ಆಪ್ತನಾದವನು ಮೂರು ಲೋಕದಲ್ಲಿ ಸಿಕ್ಕುವುದಿಲ್ಲ. ನೋವು ಅವನಿಗೆ ಪ್ರತ್ಯಕ್ಷ. ಡಾಕ್ಟರಿಗೆ, ಹೆಂಡತಿಗೆ, ಮೇಲಧಿಕಾರಿಗೆ ಅದು ಬರಿಯ ಶಬ್ದ. ಡಾಕ್ಟರು ತಮ್ಮ ಪ್ರತ್ಯಕ್ಷವೆಂದು ನಂಬುವ ಸ್ಕ್ಯಾನಿನ ಚಿತ್ರವೋ, ಅದು ನೋವನ್ನಂತೂ ತೋರಿಸುವುದಿಲ್ಲ. ತೋರಿಸಿದರೆ ನೋವಿನ ಒಂದು ಕಾರಣವನ್ನು ತೋರಿಸೀತು. 1940ರಲ್ಲಿ ಅಮೆರಿಕದ ರೇ ಮತ್ತು ವೋಲ್ಫ್ ಎಂಬ ವೈದ್ಯರಿಬ್ಬರು, ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಾಗಿದ್ದ ರೋಗಿಗಳನ್ನೇ ಕೇಳಿ ಕೇಳಿ, ತಲೆಯೊಳಗೆ ಎಲ್ಲಿ ಮುಟ್ಟಿದರೆ ನೋಯುತ್ತದೆ, ಎಲ್ಲಿ ನೋಯುವುದಿಲ್ಲ ಎಂದು ಗುರುತು ಹಾಕಿ ಪ್ರಕಟಿಸಿದರು. ಮಿದುಳಿನ ತಿರುಳಿಗೆ ನೋವೇ ಇಲ್ಲ. ನೋಯುವುದು ಅದರ ಹೊರಪೊರೆ, ರಕ್ತನಾಳಗಳು. ತಲೆನೋವಿನ ಈ ನಕ್ಷೆಯೇ ರೋಗಿಗಳ ಬಾಯಿಮಾತಿನಿಂದ ಬರೆದದ್ದು ಎಂಬುದು ಸ್ವಾರಸ್ಯ.

ಇಷ್ಟು ಹೇಳಿ ವೈದ್ಯರನ್ನು ದೂರಿ ಮುಗಿಸಿದ್ದರೆ ಈ ಬರೆಹ ಸುಲಭವಾಗುತ್ತಿತ್ತು. ಆದರೆ ವಾತ್ಸ್ಯಾಯನನ ಎರಡನೆಯ ಲಕ್ಷಣ ಉಳಿದಿದೆಯಲ್ಲ, ಅರಿತಂತೆಯೇ ಹೇಳುವ ಇಚ್ಛೆ! ಅಲ್ಲಿ ನಾನು ಸೋತಿದ್ದೆ.

ನನ್ನ ನೋವಿಗೆ ಒಂದು ವಿಚಿತ್ರ ಗುಣವಿತ್ತು. ಮಲಗಿದರೆ ಅದು ಹೋಗುತ್ತಿತ್ತು. ಹತ್ತು ನಿಮಿಷ ಅಂಗಾತ ಮಲಗಿದರೆ ಸಾಕು, ಒರಳುಕಲ್ಲು ಹತ್ತಿಯಾಗುತ್ತಿತ್ತು. ಎದ್ದು ನಿಂತರೆ, ಹಲ್ಲುಜ್ಜಿ ಕಾಫಿ ಕುಡಿಯುವುದರೊಳಗೆ, ಮತ್ತೆ ಬಂದು ಕೂರುತ್ತಿತ್ತು. ಮನೆಯಲ್ಲಿ ಇದನ್ನು ಗಮನಿಸಿದ ನನ್ನ ಮಗ ತಮಾಷೆ ಮಾಡಿದ: “ಅಪ್ಪನ ತಲೆನೋವು ಆಫೀಸಿನ ಟೈಮಿಗೆ ಸರಿಯಾಗಿ ಬರುತ್ತೆ, ರಾತ್ರಿ ಗೊರಕೆ ಹೊಡೆಯುವಾಗ ರಜೆ ತಗೊಳ್ಳುತ್ತೆ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಆ ಗುಣವನ್ನು ಮುಚ್ಚಿಟ್ಟೆ. ಡಾಕ್ಟರು “ಯಾವಾಗ ಹೆಚ್ಚು?” ಎಂದು ಕೇಳಿದರೆ “ಯಾವಾಗಲೂ, ರಾತ್ರಿ ಹಗಲು” ಎಂದೆ. ಮಲಗಿದರೆ ಹೋಗುವ ನೋವನ್ನು ಯಾರಾದರೂ ನಂಬುತ್ತಾರೆಯೆ? ಸೋಮಾರಿಯ ನೋವೆನ್ನುವುದಿಲ್ಲವೆ? ನಂಬಿಸುವುದಕ್ಕಾಗಿ ಲೆಕ್ಕವನ್ನು ತಿದ್ದಿದೆ. ಮೂವತ್ತಮೂರು ವರ್ಷ ಬೇರೆಯವರ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಗುರುತು ಹಾಕಿದವನು ನನ್ನ ಪುಸ್ತಕವನ್ನೇ ತಿದ್ದಿದೆ. ನಾನು ತಿದ್ದಿದ ಸಾಲೇ ರೋಗದ ಹೆಸರನ್ನು ಹೇಳುವ ಸಾಲಾಗಿತ್ತು.

ಅದನ್ನು ಕಂಡುಹಿಡಿದವರು ಹಾಸನದಲ್ಲಿರುವ ನಮ್ಮ ಅತ್ತಿಗೆ.

ಅತ್ತಿಗೆ ನಮ್ಮ ಮನೆಗೆ ಬಂದದ್ದು 1974ರಲ್ಲಿ; ಆಗ ನನಗೆ ಹತ್ತು ವರ್ಷ. ಬಂದ ವರ್ಷವೇ ಅವರ ತಲೆನೋವು ಮನೆಯಲ್ಲಿ ಪ್ರಸಿದ್ಧವಾಯಿತು. ತಲೆಯ ಒಂದೇ ಪಕ್ಕ ಹಿಡಿಯುತ್ತಿತ್ತು. ಅದಕ್ಕೆ ಮುಂಚೆ ಕಣ್ಣೆದುರಿಗೆ ಕೋಟೆಯ ಗೋಡೆಯ ಹಾಗೆ ಹಲ್ಲುಹಲ್ಲಾದ ಮಿಂಚು ಓಡುತ್ತದೆಂದು ಅವರು ಒಮ್ಮೆ ಹೇಳಿದ್ದರು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಗ್ರಾಣದ ಕತ್ತಲಲ್ಲಿ, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ನಾವು ಹುಡುಗರು ಹೊರಗೆ ಗಲಾಟೆ ಮಾಡಿದರೆ ಏನೂ ಅನ್ನುತ್ತಿರಲಿಲ್ಲ. ನೋವು ಬರುತ್ತಿದ್ದದ್ದು ಗೌರಿಹಬ್ಬದ ಹಿಂದಿನ ದಿನ, ಶ್ರಾದ್ಧದ ದಿನ, ನೆಂಟರು ಬರುವ ದಿನ. “ಕೆಲಸ ಕಂಡರೆ ಬರುವ ತಲೆನೋವು” ಎಂದು ನಮ್ಮ ತಾಯಿ ಅದಕ್ಕೆ ಹೆಸರಿಟ್ಟರು. ಅಣ್ಣ ಪುಸ್ತಕದಿಂದ ತಲೆಯೆತ್ತುತ್ತಿರಲಿಲ್ಲ. ನಾನು ಆ ಮಾತನ್ನು ಶಾಲೆಯ ಪದ್ಯದಂತೆ ಕಲಿತು, ಅತ್ತಿಗೆಯ ಎದುರಿಗೇ ಹಾಡುತ್ತಿದ್ದೆ.

ಇವತ್ತು ಯಾವ ವೈದ್ಯಪುಸ್ತಕವನ್ನು ತೆರೆದರೂ ಮೈಗ್ರೇನನ್ನು ಕೆರಳಿಸುವ ಸಂಗತಿಗಳು ಸಿಗುತ್ತವೆ: ಊಟ ತಪ್ಪುವುದು, ನಿದ್ದೆಗೆಡುವುದು, ಆಯಾಸ, ಕಣ್ಣು ಕೋರೈಸುವ ಬೆಳಕು, ಘಾಟು, ತಿಂಗಳ ಋತು. ಶ್ರಾದ್ಧದ ದಿನ ನಾಲ್ಕು ಗಂಟೆಗೆ ಎದ್ದು, ಮಡಿಯುಟ್ಟು, ಸೌದೆಯೊಲೆಯ ಹೊಗೆಯಲ್ಲಿ, ಎಲ್ಲರ ಊಟವಾಗುವ ತನಕ ಹನಿ ನೀರು ಕುಡಿಯದೆ ದುಡಿಯುವ ಸೊಸೆಗೆ ಈ ಪಟ್ಟಿಯಲ್ಲಿ ಯಾವುದು ತಪ್ಪಿತು? ಕೆಲಸ ಕಂಡರೆ ಬರುವ ತಲೆನೋವೆಂಬುದು ಅಕ್ಷರಶಃ ನಿಜ. ನಮ್ಮ ತಾಯಿ ಕಾರಣವನ್ನು ಸರಿಯಾಗಿ ಕಂಡಿದ್ದರು. ಅದನ್ನು ಕಳ್ಳತನದ ಗುರುತೆಂದು ಓದಿದರು. ನನ್ನ ಮಗನ ತಮಾಷೆಯೂ ಅದೇ ಜಾತಿಯದು.

ಈ ನೋವೇನು ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರ ಹನ್ನೊಂದು ಶಿರೋರೋಗಗಳನ್ನು ಎಣಿಸುತ್ತದೆ. ಅರ್ಧಾವಭೇದಕವೆಂಬ ಅರೆತಲೆಯ ನೋವು ಅದರಲ್ಲಿದೆ. ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ಸೂರ್ಯಾವರ್ತವಿದೆ. ಮೈಗ್ರೇನ್ ಎಂಬ ಮಾತಿನ ಮೂಲವಾದ ಗ್ರೀಕ್ ಪದಕ್ಕೂ ಅರೆತಲೆ ಎಂದೇ ಅರ್ಥ. ಹಲ್ಲುಹಲ್ಲಾದ ಮಿಂಚಿನ ಗೋಡೆಯನ್ನು ಇಂಗ್ಲೆಂಡಿನ ಹ್ಯೂಬರ್ಟ್ ಏರಿ ಎಂಬ ವೈದ್ಯ 1870ರಲ್ಲಿ ತನ್ನ ಕಣ್ಣಿಗೆ ಕಂಡಂತೆಯೇ ಚಿತ್ರ ಬರೆದು ಪ್ರಕಟಿಸಿದ. ಅವನಿಗೂ ಕೋಟೆಯೇ ನೆನಪಾಗಿತ್ತು. ಹಾಸನದ ಉಗ್ರಾಣದಲ್ಲಿ ಮಲಗಿದ್ದ ಹೆಂಗಸು ಅವನ ಹೆಸರನ್ನು ಕೇಳಿರಲಿಲ್ಲ. ಅವನು ವೈದ್ಯನಾದ್ದರಿಂದ ಅವನು ಕಂಡದ್ದು ಶಾಸ್ತ್ರವಾಯಿತು. ಇವರು ಸೊಸೆಯಾದ್ದರಿಂದ ಇವರು ಕಂಡದ್ದು ನೆಪವಾಯಿತು.

ಇರಲಿ. ವರದಿ ಬಂದು ಎರಡು ತಿಂಗಳಾದ ಮೇಲೆ ಅಣ್ಣನ ವರ್ಷಾಬ್ದಿಕಕ್ಕೆಂದು ಹಾಸನಕ್ಕೆ ಹೋದೆ. ಊಟವಾದ ಮೇಲೆ ನಡುಮನೆಯಲ್ಲಿ ಚಾಪೆಯ ಮೇಲೆ ಉರುಳಿಕೊಂಡು ಅತ್ತಿಗೆಯೊಡನೆ ಮಾತಾಡುತ್ತಿದ್ದೆ. ಕಾಫಿ ಬಂತು, ಎದ್ದು ಕೂತೆ. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು.

“ಪುಟ್ಟು, ನಿನ್ನ ನೋವು ನನ್ನ ನೋವಿನ ಹಾಗಲ್ಲ ಕಣೋ. ಮಲಗಿದ್ದಾಗ ಚೆನ್ನಾಗೇ ಮಾತಾಡ್ತಿದ್ದೆ. ಎದ್ದು ಕೂತು ಐದು ನಿಮಿಷವಾಗಿಲ್ಲ, ಮುಖ ಬಾಡಿಹೋಯ್ತು. ಇದನ್ನ ಡಾಕ್ಟರಿಗೆ ಹೇಳಿದೀಯಾ?”

“ಇಲ್ಲ ಅತ್ತಿಗೆ.”

“ಯಾಕೆ?”

ಸುಮ್ಮನಿದ್ದೆ. ಅವರು ಲೋಟವನ್ನು ಕೆಳಗಿಟ್ಟು, “ನಂಬಲ್ಲ ಅಂತಾನಾ?” ಎಂದರು. ಆಮೇಲೆ ಹೇಳಿದರು: “ನಾನೂ ಹಾಗೇ ಮಾಡ್ತಿದ್ದೆ. ಮಿಂಚು ಕಾಣೋದನ್ನ ಹೇಳೋದೇ ಬಿಟ್ಟುಬಿಟ್ಟೆ. ಹುಚ್ಚು ಅಂದಾರು ಅಂತ.”

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ನರವೈದ್ಯೆಯ ಮುಂದೆ, ಈ ಸಲ ತಿದ್ದದ ಲೆಕ್ಕವನ್ನು ಒಪ್ಪಿಸಿದೆ. ಆಕೆ ಪೆನ್ನನ್ನು ಕೆಳಗಿಟ್ಟು, “ಇದನ್ನು ಮೊದಲೇ ಯಾಕೆ ಹೇಳಲಿಲ್ಲ?” ಎಂದರು. ಮಿದುಳು ತಲೆಬುರುಡೆಯಲ್ಲಿ ಸುಮ್ಮನೆ ಕೂತಿಲ್ಲ. ಸುಮಾರು 150 ಮಿಲಿಲೀಟರಿನಷ್ಟು ತಿಳಿನೀರಿನಂಥ ದ್ರವ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿಕೊಂಡಿದೆ. 1400 ಗ್ರಾಂ ತೂಗುವ ಮಿದುಳು ಅದರಲ್ಲಿ ತೇಲುತ್ತ ಸುಮಾರು 50 ಗ್ರಾಮಿನಷ್ಟೇ ಭಾರವಾಗಿರುತ್ತದೆ. ಬೆನ್ನಿನ ಪೊರೆಯಲ್ಲಿ ಎಲ್ಲಿಯೋ ಒಂದು ಸಣ್ಣ ಬಿರುಕು ಬಿಟ್ಟು ದ್ರವ ಸೋರಿದರೆ, ನಿಂತಾಗ ಮಿದುಳು ಕೆಳಕ್ಕೆ ಜಗ್ಗುತ್ತದೆ; ಮಲಗಿದರೆ ಜಗ್ಗುವುದಿಲ್ಲ. ಕಿವಿಯ ಮಂದ, ಎರಡಾಗಿ ಕಾಣುವ ಸಾಲು, ಬೆರಳ ಜುಮುಜುಮು ಎಲ್ಲ ಅದರ ಸಂಸಾರವೇ. ಕಾಂಟ್ರಾಸ್ಟ್ ಔಷಧವನ್ನು ರಕ್ತಕ್ಕೆ ಹಾಕದೆ ತೆಗೆದ ಚಿತ್ರದಲ್ಲಿ ಇದು ಕಣ್ಣುತಪ್ಪುವುದುಂಟು. ಹಾಕಿ ತೆಗೆದರೂ ಕೆಲವರಲ್ಲಿ ಏನೂ ಕಾಣುವುದಿಲ್ಲ. ನನ್ನಲ್ಲಿ ಕಂಡಿತು. ಮಿದುಳಿನ ಹೊರಪೊರೆ ದೀಪ ಹಚ್ಚಿದಂತೆ ಹೊಳೆಯುತ್ತಿತ್ತು. ನನ್ನ ರಸೀದಿ ಕೊನೆಗೂ ಬಂತು.

ಈ ನೋವಿನ ಚರಿತ್ರೆಯಲ್ಲಿ ಒಂದು ಕಥೆಯಿದೆ. 1898ರ ಆಗಸ್ಟ್ ತಿಂಗಳಲ್ಲಿ, ಜರ್ಮನಿಯ ಕೀಲ್ ನಗರದಲ್ಲಿ, ಔಗುಸ್ಟ್ ಬೀರ್ ಎಂಬ ಶಸ್ತ್ರವೈದ್ಯ ಬೆನ್ನಿಗೆ ಅರಿವಳಿಕೆ ಕೊಡುವ ಪ್ರಯೋಗವನ್ನು ತನ್ನ ಮೇಲೆಯೇ ಮಾಡಿಸಿಕೊಂಡ. ಸೂಜಿಗೆ ಸಿರಿಂಜು ಸರಿಯಾಗಿ ಹೊಂದದೆ ದ್ರವ ಧಾರಾಳವಾಗಿ ಸೋರಿಹೋಯಿತು. ಆಮೇಲೆ ಒಂಬತ್ತು ದಿನ ಆತ ಹಾಸಿಗೆ ಹಿಡಿದ. ಎದ್ದರೆ ತಲೆಸಿಡಿತ, ಮಲಗಿದರೆ ನಿರಾಳ. ಮರುವರ್ಷ ಅದನ್ನೆಲ್ಲ ಬರೆದು ಪ್ರಕಟಿಸಿದ. ಅವನನ್ನು ಯಾರೂ ‘ಮಲಗಿದರೆ ಹೋಗುವ ನೋವು ಎಂಥದಯ್ಯಾ?’ ಎಂದು ಕೇಳಲಿಲ್ಲ. ಆಪ್ತನ ಲಕ್ಷಣ ಎಲ್ಲರಿಗೂ ಸಮಾನವೆಂದು ವಾತ್ಸ್ಯಾಯನ ಬರೆದಿಟ್ಟಿದ್ದೇನೋ ನಿಜ. ಲೋಕದ ರೂಢಿ ಮಾತ್ರ ಇನ್ನೂ ಹಾಗಿಲ್ಲ.

ನನ್ನ ತೋಳಿನಿಂದಲೇ ರಕ್ತ ತೆಗೆದು ಬೆನ್ನಿನ ಪೊರೆಯ ಹೊರಗೆ ಹಾಕಿದರು. ಬ್ಲಡ್ ಪ್ಯಾಚ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ತೇಪೆ. ಮೊದಲನೆಯ ತೇಪೆ ಹದಿನೈದು ದಿನಕ್ಕೆ ಬಿಟ್ಟಿತು. ಎರಡನೆಯದು ನಿಂತಿದೆ, ಪೂರ್ತಿಯಾಗಿ ಅಲ್ಲ. ಸಂಜೆಯ ಹೊತ್ತಿಗೆ ಇವತ್ತಿಗೂ ಕತ್ತಿನ ಹಿಂದೆ ಒಂದು ಎಳೆತ ಇರುತ್ತದೆ. ಅದಕ್ಕೆ ಡಾಕ್ಟರ ಬಳಿ ಬೇರೆ ಹೆಸರಿಲ್ಲ, ನಾನೂ ಕೇಳಿಲ್ಲ.

ಚಿತ್ರದಲ್ಲಿ ಹೊಳಪು ಕಂಡ ವಾರ ಮನೆಗೆ ಬಂದ ಮೂಸಂಬಿಯನ್ನು ಎಣಿಸಿದ್ದರೆ ಒಂದು ಅಂಗಡಿ ಇಡಬಹುದಿತ್ತು. ಮಗ ಬಂದು ಮಂಚದ ಪಕ್ಕ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಕಚೇರಿಯವರು ರಜೆಯ ಅರ್ಜಿಯನ್ನು ತಾವೇ ಬರೆದುಕೊಂಡು ಬಂದರು. ಎಲ್ಲರೂ ಒಳ್ಳೆಯವರೇ. ಆದರೆ ಮಂಗಳವಾರ ಇದ್ದ ನೋವೇ ಬುಧವಾರವೂ ಇತ್ತು. ಮಂಗಳವಾರ ಅದು ಬೇಸರದ ವಿಷಯ, ಬುಧವಾರ ಅದು ಕಾಯಿಲೆ. ಅಂದು ಸ್ಕ್ಯಾನಿಂಗ್ ಕೇಂದ್ರದ ಮೆಟ್ಟಿಲ ಮೇಲೆ ನಾನು ಬಯಸಿದ್ದು ಗಂಟನ್ನಲ್ಲ, ಈ ಬುಧವಾರವನ್ನು ಎಂದು ಆಗ ಹೊಳೆಯಿತು.

ಹಾಗೆಂದು ಯಾರು ಏನು ಹೇಳಿದರೂ ನಂಬಬೇಕೆ? ತಪಾಸಣೆಗಾರನ ಬಾಯಲ್ಲಿ ಅಂಥ ಮಾತು ಬರಲಾರದು. ಸುಳ್ಳು ಬಿಲ್ಲುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ವೈದ್ಯರು ಅನುಮಾನಿಸದಿದ್ದರೆ ತಪ್ಪು ಹೆಸರುಗಳು ತಿದ್ದಿಕೊಳ್ಳುವುದು ಹೇಗೆ? ಹೇಳಿದ್ದಕ್ಕೆಲ್ಲ ಮಾತ್ರೆ ಕೊಡುತ್ತ ಹೋದರೆ ಅದರ ಫಲವೂ ಕೆಟ್ಟದ್ದೇ: ತಿಂಗಳಿಗೆ 15 ದಿನಕ್ಕಿಂತ ಹೆಚ್ಚಾಗಿ, ತಿಂಗಳುಗಟ್ಟಲೆ, ಸಾಧಾರಣ ನೋವಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಯಿಂದಲೇ ತಲೆನೋವು ಕಾಯಮ್ಮಾಗುತ್ತದೆ. ನಾನೂ ಆ ದಾರಿಯಲ್ಲಿ ಅರ್ಧ ನಡೆದಿದ್ದೆ. (ಪ್ರಸಂಗ ಬಂದದ್ದರಿಂದ ಹೇಳುತ್ತೇನೆ: ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ, ಸಿಡಿಲಿನಂತೆ ಒಮ್ಮೆಲೇ ಎರಗುವುದನ್ನೂ, ಜ್ವರದೊಡನೆ ಕತ್ತು ಬಿಗಿಯುವುದನ್ನೂ, ಕೈಕಾಲು ಸೋಲುವುದನ್ನೂ ಕಷಾಯಕ್ಕೆ ಬಿಡಬಾರದು.) ಅನುಮಾನ ಕಾರಣದ ಮೇಲಿರಲಿ; ನೋವಿನ ಮೇಲೆ ಏಕೆ? ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘದವರು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಾಗುತ್ತಿದೆಯೆಂದು ಒಬ್ಬನು ಹೇಳಿದ ಮಾತನ್ನು ಗೌರವಿಸಬೇಕು ಎಂದು ಟಿಪ್ಪಣಿ ಸೇರಿಸಿದರು. ಗೌರವಿಸುವುದೆಂದರೆ ಮರುಪ್ರಶ್ನೆ ಹಾಕದಿರುವುದಲ್ಲ. ಆ ಕಿರಿಯ ವೈದ್ಯೆ ನನಗೆ ನಲವತ್ತು ಪ್ರಶ್ನೆ ಹಾಕಿದರು. ಯಾವುದೂ ಪಾಟೀಸವಾಲಿನಂತೆ ಕೇಳಿಸಲಿಲ್ಲ.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಆಕೆಯನ್ನು ಅತ್ತಿಗೆಯ ವಿಷಯ ಕೇಳಿದೆ. ಮಿಂಚಿನ ಗೋಡೆ, ಅರೆತಲೆ, ಉಗ್ರಾಣದ ಕತ್ತಲು ಎಲ್ಲವನ್ನೂ ಹೇಳಿದೆ. “ಸಂದೇಹವೇ ಬೇಡ, ಮೈಗ್ರೇನ್” ಎಂದರು. ಈಗ ಸ್ಕ್ಯಾನು ಮಾಡಿಸಿದರೆ ಗೊತ್ತಾಗುತ್ತದೆಯೆ ಎಂದೆ. ಅವರು ನಕ್ಕರು. ಮೈಗ್ರೇನನ್ನು ತೋರಿಸುವ ಸ್ಕ್ಯಾನು ಅಂದೂ ಇರಲಿಲ್ಲ, ಇಂದೂ ಇಲ್ಲ. ಸ್ಕ್ಯಾನು ಮಾಡಿಸುವುದು ಬೇರೆ ಏನಾದರೂ ಇದೆಯೇ ಎಂದು ನೋಡುವುದಕ್ಕೆ. ತಲೆನೋವುಗಳಿಗೆ 1988ರಲ್ಲಿ ಮೊದಲು ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣವಿದೆಯಲ್ಲ, ಅದರಲ್ಲಿ ಮೈಗ್ರೇನಿಗೆ ಕೊಟ್ಟ ಲಕ್ಷಣಗಳೆಲ್ಲ ರೋಗಿಯನ್ನು ಕೇಳಿಯೇ ತಿಳಿಯಬೇಕಾದವು: ಒಂದು ಪಕ್ಕವೆ, ಬಡಿಯುತ್ತದೆಯೆ, ನಡೆದರೆ ಹೆಚ್ಚುತ್ತದೆಯೆ, ಬೆಳಕು ಸಹಿಸುವುದೆ.

ಹಾಸನಕ್ಕೆ ಹೋಗಿ ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಅವರಿಗೀಗ ಎಪ್ಪತ್ತರ ಹತ್ತಿರ. ಆ ನೋವು ಬಿಟ್ಟು ಇಪ್ಪತ್ತು ವರ್ಷವಾಯಿತಂತೆ. ಚಿಕ್ಕವನಿದ್ದಾಗ ನಾನು ಹಾಡುತ್ತಿದ್ದ ಮಾತನ್ನು ನೆನೆಸಿ ಏನೋ ಹೇಳಹೊರಟೆ, ಅವರು ಕೈಯಾಡಿಸಿದರು. ಅವರೆಕಾಯಿ ಸುಲಿಯುತ್ತಿದ್ದರು, ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

“ಏನಂದೆ ಅದರ ಹೆಸರು?”

“ಮೈಗ್ರೇನ್, ಅತ್ತಿಗೆ.”

“ನಿನ್ನದನ್ನ ಕಂಡುಹಿಡಿದ್ರಲ್ಲ, ಹಾಗೆ ಅದಕ್ಕೆ ಫೋಟೋ ಬರಲ್ವಾ?”

“ಬರಲ್ಲ. ನೀವು ಹೇಳಿದ್ದೇ ಅದಕ್ಕೆ ಪುರಾವೆ.”

ಅತ್ತಿಗೆ ಒಂದೆರಡು ಕಾಯಿ ಸುಲಿಯುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಗೋಡೆಯ ಮೇಲಿದ್ದ ಅಣ್ಣನ ಭಾವಚಿತ್ರದ ಕಡೆ ನೋಡಿ, “ಹಾಗಾದ್ರೆ ನಿಮ್ಮಣ್ಣ ಈಗ ಇದ್ದಿದ್ರೂ ನಂಬ್ತಿರಲಿಲ್ಲ ಬಿಡು” ಎಂದು ನಕ್ಕು, ಸಿಪ್ಪೆಯನ್ನು ಸೆರಗಿಗೆ ತುಂಬಿಕೊಂಡು ಹಸುವಿಗೆ ಹಾಕಲು ಎದ್ದುಹೋದರು.